ಥಾಯ್ ಊಟದ ಮನೆಗಳಲ್ಲಿ

ಊಟದ ವಿಷಯವಾಗಿ ಮಾತನಾಡುವವನು ಮೊದಲು ತನ್ನ ಊರನ್ನು ಹೇಳಿಬಿಡುವುದು ಒಳ್ಳೆಯದು. ನಾನು ಜಮಖಂಡಿಯವನು. ನನ್ನ ತಾಯಿಯ ತವರು ಬೀಳಗಿ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಒಂದು ಹಳ್ಳಿ. ಆ ಹಳ್ಳಿಯ ಹಳೆಯ ನೆಲೆ ಈಗ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ನನ್ನ ಹೆಂಡತಿಯ ತವರು ಬನಹಟ್ಟಿಯ ನೇಕಾರರ ಓಣಿ. ಮೂವತ್ತು ವರ್ಷಕ್ಕೂ ಮಿಗಿಲಾಗಿ ನಾನು ಕನ್ನಡ ಪಾಠ ಹೇಳಿದ್ದೂ ಈ ಸುತ್ತಿನಲ್ಲಿಯೇ. ಮುಂಜಾನೆ ರೊಟ್ಟಿ, ರಾತ್ರಿ ರೊಟ್ಟಿ. ಅನ್ನವೆಂಬುದು ನಮಗೆ ಮಜ್ಜಿಗೆ ಉಣ್ಣಲು ಒಂದು ನೆಪ. ಇಂಥವನೊಬ್ಬ ಬೆಂಗಳೂರಿನ ಥಾಯ್ ಊಟದ ಮನೆಗಳ ಬಗೆಗೆ ಮಾತನಾಡಲು ಹೊರಟದ್ದಕ್ಕೆ ಕಾರಣ ನನ್ನ ಹತ್ತು ವರ್ಷದ ಮೊಮ್ಮಗ.

ಕಳೆದ ಬೇಸಿಗೆಯಲ್ಲಿ ಮಗನ ಮನೆಯಲ್ಲಿ ಒಂದೂವರೆ ತಿಂಗಳು ಇದ್ದೆ. ಮೊಮ್ಮಗನ ಹುಟ್ಟುಹಬ್ಬ ಬಂದಿತು. ಎಲ್ಲಿ ಊಟ ಮಾಡೋಣವೆಂದು ಕೇಳಿದರೆ ಹುಡುಗ ಕ್ಷಣವೂ ಯೋಚಿಸದೆ ‘ಥಾಯ್’ ಎಂದ. ನಾನು ಅದನ್ನು ‘ತಾಯಿ’ ಎಂದು ಕೇಳಿಸಿಕೊಂಡು, ಮಗುವಿಗೆ ತಾಯಿಯ ಕೈಯ ಅಡುಗೆಯೇ ಬೇಕೆಂದು ಮೆಚ್ಚಿಕೊಂಡೆ. ಮನೆಯವರೆಲ್ಲ ನಕ್ಕರು. ಸೊಸೆಯೊಬ್ಬಳು ಮಾತ್ರ ನಗಲಿಲ್ಲ; ಹಾಗೆ ಅಂದಿದ್ದರೆ ಚೆನ್ನಾಗಿತ್ತು ಎಂದಳು.

ಹೀಗೆ ಇಂದಿರಾನಗರದ ನೂರಡಿ ರಸ್ತೆಯ ಬದಿಯ ಒಂದು ಮಹಡಿಯ ಮೇಲೆ ನನ್ನ ಮೊದಲ ಥಾಯ್ ಊಟವಾಯಿತು. ಕಡ್ಡಿಗಳಿಂದ ತಿನ್ನಬೇಕಾದೀತೆಂದು ಹೆದರಿಕೊಂಡೇ ಹೋಗಿದ್ದೆ. ಆ ಹೆದರಿಕೆ ಸುಳ್ಳಾಯಿತು. ಥಾಯ್ ಜನ ಅನ್ನವನ್ನು ಉಣ್ಣುವುದು ಚಮಚದಿಂದ. ಎಡಗೈಯ ಮುಳ್ಳುಚಮಚ ಅನ್ನವನ್ನು ಬಲಗೈಯ ಚಮಚದೊಳಕ್ಕೆ ತಳ್ಳಲು ಮಾತ್ರ. ಕಡ್ಡಿಗಳು ಬರುವುದು ಚೀನೀಯರಿಂದ ಬಂದ ನೂಡಲ್ಸಿನ ಸಾರಿಗೆ. ಇನ್ನೊಂದು ಸಂತೋಷವೆಂದರೆ, ಪಾಶ್ಚಾತ್ಯರ ಹಾಗೆ ಒಂದಾದ ಮೇಲೊಂದು ಬಡಿಸುವ ಕ್ರಮ ಅವರದಲ್ಲ. ಎಲ್ಲವೂ ಒಮ್ಮೆಗೇ ಬಂದು ನಡುವೆ ಕೂಡುತ್ತವೆ. ಎಲ್ಲರೂ ಎಲ್ಲದರಿಂದ ಹಂಚಿಕೊಂಡು ಉಣ್ಣುತ್ತಾರೆ.

ಮೊದಲು ಬಂದದ್ದು ಎಳೆಎಳೆಯಾಗಿ ಸೀಳಿದ ಹಸಿ ಪಪ್ಪಾಯಿಯ ಒಂದು ಪದಾರ್ಥ. ಹೆಸರು ‘ಸೋಮ್ ತಮ್’. ‘ಸೋಮ್’ ಎಂದರೆ ಹುಳಿ, ‘ತಮ್’ ಎಂದರೆ ಕುಟ್ಟುವುದು. ಒರಳಿನಲ್ಲಿ ಬೆಳ್ಳುಳ್ಳಿ, ಮೆಣಸಿನಕಾಯಿ, ತಾಳೆಬೆಲ್ಲ, ಲಿಂಬೆಯ ರಸ ಹಾಕಿ ಕುಟ್ಟಿ, ಪಪ್ಪಾಯಿ ಬೆರೆಸಿ, ಹುರಿದ ಶೇಂಗಾ ಉದುರಿಸುತ್ತಾರೆ. ಒಂದು ಚಮಚ ಬಾಯಿಗಿಟ್ಟವನು ಸುಮ್ಮನೆ ಕುಳಿತುಬಿಟ್ಟೆ. ಶೇಂಗಾಪುಡಿ ಹಾಕಿ ಕಲಸಿದ ಸವತಿಕಾಯಿಯ ಪಚಡಿ, ಜೊತೆಗೆ ನಾಲಗೆಯ ತುದಿಗೆ ತಗುಲುವಷ್ಟು ರಂಜಕ, ಅದರ ಹಿಂದೆಯೇ ಮುಧೋಳದ ಬೆಲ್ಲದ ಒಂದು ಚೂರು: ಇವನ್ನು ನಮ್ಮ ತಾಯಿ ಒಂದೇ ತಾಟಿನಲ್ಲಿ ಬಡಿಸುತ್ತಿದ್ದಳು. ಮೊಮ್ಮಗ ನನ್ನ ಮುಖವನ್ನೇ ನೋಡುತ್ತಿದ್ದ. ‘ಅಜ್ಜ, ಖಾರ ಆಯ್ತಾ?’ ಎಂದ. ‘ಇಲ್ಲಪ್ಪಾ, ಊರು ನೆನಪಾತು’ ಎಂದೆ.

ಆ ರಾತ್ರಿ ನಿದ್ದೆ ಬೇಗ ಬರಲಿಲ್ಲ. ಸಾವಿರಾರು ಮೈಲಿಯಾಚೆಯ ಊಟದಲ್ಲಿ ನಮ್ಮ ಓಣಿಯ ರುಚಿ ಹೇಗೆ ಬಂದಿತು? ಮರುದಿನ ಮಗನ ಯಂತ್ರದಲ್ಲಿಯೂ, ಪುಸ್ತಕದಂಗಡಿಯಲ್ಲಿಯೂ ಇದನ್ನೇ ಹುಡುಕುತ್ತ ಹೋದೆ. ಸಿಕ್ಕ ಸಂಗತಿ ಹೀಗಿದೆ. ನನ್ನನ್ನು ಊರಿಗೆ ಒಯ್ದ ಎರಡು ಪದಾರ್ಥಗಳು, ಮೆಣಸಿನಕಾಯಿ ಮತ್ತು ಶೇಂಗಾ, ನಮ್ಮವೂ ಅಲ್ಲ, ಥಾಯ್ ಜನರವೂ ಅಲ್ಲ. ಎರಡೂ ಅಮೆರಿಕ ಖಂಡದವು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. 1511ರಲ್ಲಿ ಮಲಕ್ಕಾವನ್ನು ಹಿಡಿದರು. ಅದೇ ವರ್ಷ ಸಯಾಮಿನ ರಾಜಧಾನಿಯಾದ ಅಯುತ್ಥಯಾಕ್ಕೆ ತಮ್ಮ ದೂತನನ್ನು ಕಳಿಸಿದರು. ಆ ವ್ಯಾಪಾರದ ದಾರಿಗಳಲ್ಲಿ ಮೆಣಸಿನಕಾಯಿ ಒಂದು ಕಡೆ ಘಟ್ಟವನ್ನೇರಿ ನಮ್ಮ ಬಯಲಿಗೆ ಬಂದಿತು, ಇನ್ನೊಂದು ಕಡೆ ಸಯಾಮಿನ ಒರಳಿಗೆ ಬಿದ್ದಿತು. ನಮ್ಮ ಮುಧೋಳದಲ್ಲಿ ಹುಟ್ಟಿದ ಕವಿಚಕ್ರವರ್ತಿ ರನ್ನ ಮೆಣಸಿನಕಾಯಿಯನ್ನು ಕಂಡವನಲ್ಲ. ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ರಾಜನ ಊಟದ ಬಹುದೊಡ್ಡ ವರ್ಣನೆಯಿದೆ, ಆ ರಾಜಭೋಜನದಲ್ಲಿ ಮೆಣಸಿನಕಾಯಿಗೆ ಎಡೆಯಿರಲಿಲ್ಲ. ಶೇಂಗಾ ಇಲ್ಲದ ಜಮಖಂಡಿಯನ್ನು ಕಲ್ಪಿಸಿಕೊಳ್ಳಲು ನಾನು ಪ್ರಯತ್ನಿಸಿದೆ, ಆಗಲಿಲ್ಲ.

ಭಾಷೆಯ ವಿದ್ಯಾರ್ಥಿಯಾದ ನನಗೆ ಇದಕ್ಕಿಂತ ಹೆಚ್ಚಿನ ಕೌತುಕ ಕಾದಿತ್ತು. ಕನ್ನಡದಲ್ಲಿ ‘ಮೆಣಸು’ ಎಂದರೆ ಮೊದಲು ಬಳ್ಳಿಯಲ್ಲಿ ಬೆಳೆಯುವ ಕಾಳು. ಪರದೇಶದ ಕಾಯಿ ಬಂದು ‘ಮೆಣಸಿನಕಾಯಿ’ ಎಂಬ ಹೆಸರನ್ನು ಪಡೆದ ಮೇಲೆ, ಮನೆಯ ಹಳೆಯ ಮೆಣಸು ತಾನು ‘ಕರಿಮೆಣಸು’, ‘ಕಾಳುಮೆಣಸು’ ಎಂದು ವಿಶೇಷಣ ಹಚ್ಚಿಕೊಂಡು ಗುರುತು ಹೇಳಬೇಕಾಯಿತು. ಥಾಯ್ ಭಾಷೆಯಲ್ಲಿಯೂ ಅಕ್ಷರಶಃ ಇದೇ ಕಥೆ. ಅವರಲ್ಲಿ ಮೆಣಸಿನಕಾಯಿ ಬರಿಯ ‘ಪ್ರಿಕ್’. ಕರಿಮೆಣಸು ‘ಪ್ರಿಕ್ ಥಾಯ್’, ಎಂದರೆ ಥಾಯ್ ದೇಶದ ಮೆಣಸು. ಬಂದ ನೆಂಟನು ಪಡಸಾಲೆಯನ್ನು ಹಿಡಿದ. ಮನೆಯ ಯಜಮಾನನು ಬಾಗಿಲಲ್ಲಿ ನಿಂತು ತಾನು ಈ ಮನೆಯವನೇ ಎಂದು ಹೇಳಿಕೊಳ್ಳುತ್ತಿದ್ದಾನೆ.

ಸಂಸ್ಕೃತದ ನೆಂಟಸ್ತಿಕೆಯೂ ಅಲ್ಲಿ ಬೇಕಾದಷ್ಟಿದೆ. ಊಟದ ಮನೆಗೆ ಅವರು ‘ರಾನ್ ಆಹಾನ್’ ಎನ್ನುತ್ತಾರೆ. ಆ ‘ಆಹಾನ್’ ನಮ್ಮ ‘ಆಹಾರ’ವೇ. ರುಚಿಗೆ ‘ರೊತ್’ ಎನ್ನುತ್ತಾರೆ, ಅದು ‘ರಸ’. ಅಯೋಧ್ಯೆ ಅವರಲ್ಲಿ ಅಯುತ್ಥಯಾ ಆಯಿತು. ಬೆಂಗಳೂರಿನಲ್ಲಿ ‘ಬೆಂಜರಾಂಗ್’ ಎಂಬ ಥಾಯ್ ಊಟದ ಮನೆಯೊಂದು ನಡೆದದ್ದುಂಟು. ಬೆಂಜರಾಂಗ್ ಎಂದರೆ ಅವರ ಅರಮನೆಗಳ ಬಣ್ಣದ ಪಿಂಗಾಣಿ. ಶಬ್ದವನ್ನು ಬಿಡಿಸಿದರೆ ‘ಪಂಚರಂಗ’. ಒಬೆರಾಯ್ ಹೋಟೆಲಿನ ‘ರಿಮ್ ನಾಮ್’ ಮಾತ್ರ ಅಚ್ಚ ಥಾಯ್ ಹೆಸರು. ನೀರಿನ ಅಂಚು ಎಂದು ಅರ್ಥ. ಅಲ್ಲಿಗೂ ಮಗ ಒಮ್ಮೆ ಕರೆದೊಯ್ದ. ಬೆಲೆಪಟ್ಟಿಯನ್ನು ನನ್ನ ಕೈಗೆ ಸಿಗದಂತೆ ನೋಡಿಕೊಂಡ. ಅದು ಜಾಣತನ.

ಶಾಕಾಹಾರಿಗೆ ಈ ಅಡುಗೆಯಲ್ಲಿ ಒಂದು ತೊಡಕಿದೆಯೆಂಬುದನ್ನು ಹೇಳಲೇಬೇಕು. ನಾವು ಉಪ್ಪು ಹಾಕುವಲ್ಲಿ ಅವರು ‘ನಾಮ್ ಪ್ಲಾ’ ಹಾಕುತ್ತಾರೆ. ಉಪ್ಪಿನಲ್ಲಿ ತಿಂಗಳುಗಟ್ಟಲೆ ಕಳಿತ ಮೀನಿನಿಂದ ಇಳಿಸಿದ ರಸ ಅದು. ಹಸಿರು, ಕೆಂಪು ಸಾರುಗಳ ಮಸಾಲೆಯಲ್ಲಿ ಸಾಮಾನ್ಯವಾಗಿ ಸೀಗಡಿಯ ಹಿಂಡಿಯೂ ಸೇರಿರುತ್ತದೆ. ಕಣ್ಣಿಗೆ ಬರಿಯ ಕಾಯಿಪಲ್ಯ ಕಂಡಿತೆಂದು ನಂಬುವ ಹಾಗಿಲ್ಲ, ಕೇಳಿ ತಿಳಿಯಬೇಕು. ಬೆಂಗಳೂರಿನವರು ನಮ್ಮಂಥವರ ಕಾಟವನ್ನು ಬಲ್ಲವರಾದ್ದರಿಂದ ಮೀನಿನ ರಸದ ಬದಲು ಸೋಯಾ ರಸ ಹಾಕಿ ಕೊಡುತ್ತಾರೆ. ಥಾಯ್ ದೇಶದಲ್ಲಿಯೂ ‘ಜೇ’ ಎಂಬ ಶುದ್ಧ ಶಾಕಾಹಾರದ ಒಂದು ಕ್ರಮವಿದೆ. ಚೀನೀ ಮೂಲದ ಒಂಬತ್ತು ದಿನಗಳ ಹಬ್ಬವೊಂದರಲ್ಲಿ ಅಸಂಖ್ಯ ಜನ ಅದನ್ನು ಪಾಲಿಸುತ್ತಾರೆ. ಅದರಲ್ಲಿ ಬೆಳ್ಳುಳ್ಳಿಯೂ ವರ್ಜ್ಯ. ಅಷ್ಟು ಶುದ್ಧಿ ನಮ್ಮ ಕಡೆಯವರಿಂದ ಆಗದ ಮಾತು.

ಲೋಕದ ದೊಡ್ಡ ನಗರಗಳಲ್ಲೆಲ್ಲ ಥಾಯ್ ಊಟ ಸಿಗುವುದರ ಹಿಂದೆ ಅಲ್ಲಿಯ ಸರ್ಕಾರದ ಕೈಯೂ ಇದೆ. 2002ರಲ್ಲಿ ಅವರು ಒಂದು ಯೋಜನೆಯನ್ನೇ ಹೂಡಿದರು. ಆಗ ಹೊರದೇಶಗಳಲ್ಲಿ ಸುಮಾರು 5,500 ಥಾಯ್ ಊಟದ ಮನೆಗಳಿದ್ದವು. ಅವನ್ನು 8,000ಕ್ಕೆ ಏರಿಸುವುದು ಗುರಿ. ಎಲ್ಲೆಡೆ ಪ್ರಸಿದ್ಧವಾದ ‘ಪದ್ ಥಾಯ್’ ಎಂಬ ನೂಡಲ್ಸನ್ನು ಪ್ರಧಾನಿ ಪಿಬೂನ್ ಸೋಂಗ್‌ಕ್ರಾಮ್ ಅವರ ಆಳಿಕೆಯಲ್ಲಿ, ದೇಶಕ್ಕೆ ಸಯಾಮ್ ಹೋಗಿ ಥಾಯ್ಲೆಂಡ್ ಎಂಬ ಹೆಸರು ಬಂದ ಕಾಲದಲ್ಲಿ, ರಾಷ್ಟ್ರೀಯ ತಿನಿಸೆಂದು ಪ್ರಚಾರ ಮಾಡಿದರು. ಅದು ನನಗೆ ಅಷ್ಟೇನೂ ಹಿಡಿಸಲಿಲ್ಲ.

ಆದರೆ ನಾನು ಮೊದಲು ಹೇಳಿದ ಸೋಮ್ ತಮ್ ಹೀಗೆ ಸರ್ಕಾರದ ಬೆಂಬಲದಿಂದ ಬೆಳೆದದ್ದಲ್ಲ. ಥಾಯ್ ದೇಶದ ಈಶಾನ್ಯಕ್ಕೆ ‘ಇಸಾನ್’ ಎಂಬ ಸೀಮೆಯಿದೆ. ಆ ಶಬ್ದವೂ ನಮ್ಮ ‘ಈಶಾನ್ಯ’ದ ಬಳಗದ್ದೇ. ಮಳೆಯನ್ನು ನಂಬಲಾಗದ ಎತ್ತರದ ಬಯಲುನಾಡು, ಬಡತನ, ರಾಜಧಾನಿಯವರು ಆಡಿಕೊಂಡು ನಗುವ ಮಾತಿನ ಧಾಟಿ. ಅಲ್ಲಿಯ ಜನ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗುಂಪುಗುಂಪಾಗಿ ಬ್ಯಾಂಕಾಕಿಗೆ ದುಡಿಯಲು ಹೋದರು. ಕಟ್ಟಡದ ಕೂಲಿಗಳಾದರು, ಟ್ಯಾಕ್ಸಿ ಓಡಿಸಿದರು, ಮನೆಗೆಲಸಕ್ಕೆ ನಿಂತರು. ಒರಳನ್ನೂ ಜೊತೆಗೆ ಒಯ್ದು ರಸ್ತೆಯ ಬದಿಗೆ ಇಟ್ಟರು. ಅವರ ಅಡುಗೆಯನ್ನೂ, ಅದರ ಕಳಿತ ಮೀನಿನ ವಾಸನೆಯನ್ನೂ ಬ್ಯಾಂಕಾಕಿನ ಮೇಲುವರ್ಗದವರು ಬಹುಕಾಲ ಹೀಗಳೆಯುತ್ತಿದ್ದರು. ಇಂದು ಅದೇ ಸೋಮ್ ತಮ್ ಇಂದಿರಾನಗರದಲ್ಲಿ ಗಾಜಿನ ತಟ್ಟೆಯಲ್ಲಿ ಬರುತ್ತದೆ.

ಇದನ್ನು ಓದುವಾಗ ನನಗೆ 1984ರ ಒಂದು ಸಂಜೆ ನೆನಪಾಗದಿರಲಿಲ್ಲ. ಕೆಲಸದ ಸಂದರ್ಶನಕ್ಕೆಂದು ಮೊದಲ ಸಲ ಬೆಂಗಳೂರಿಗೆ ಬಂದಿದ್ದೆ. ಒಂದು ಹೋಟೆಲಿನಲ್ಲಿ ಕುಳಿತು ‘ರೊಟ್ಟಿ ಅದ ಏನ್ರೀ?’ ಎಂದು ಕೇಳಿದೆ. ಬಡಿಸುವವನು ನನ್ನ ಮಾತನ್ನು ನನ್ನದೇ ರಾಗದಲ್ಲಿ ಒಳಗೆ ಕೂಗಿ ಹೇಳಿದ. ಒಳಗಿನವರು ನಕ್ಕರು, ಪಕ್ಕದ ಮೇಜಿನವರೂ ನಕ್ಕರು. ನಾನು ಕನ್ನಡ ಎಂ.ಎ. ಮಾಡಿದವನು, ಕೈಚೀಲದಲ್ಲಿ ಪದವಿಯ ಪತ್ರವಿದೆ, ಮತ್ತು ಕನ್ನಡ ಮಾತನಾಡಿದ್ದಕ್ಕೆ ಕನ್ನಡಿಗರೇ ನನ್ನನ್ನು ನೋಡಿ ನಗುತ್ತಿದ್ದಾರೆ. ಆ ದಿನ ಉಪ್ಪಿಟ್ಟು ತಿಂದು ಎದ್ದೆ. ಮುಂದೆ ಬೆಂಗಳೂರಿಗೆ ಬಂದಾಗಲೆಲ್ಲ ಪುಸ್ತಕದ ಭಾಷೆಯನ್ನೇ ಆಡಿದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮಗನಿಗೂ ಚಿಕ್ಕಂದಿನಿಂದ ಅದನ್ನೇ ಕಲಿಸಿದೆ. ಅವನು ಚೆನ್ನಾಗಿ ಕಲಿತ. ಇವತ್ತು ಮೊಮ್ಮಗನಿಗೆ ನಮ್ಮ ಮಾತು ಅರ್ಧಂಬರ್ಧ ತಿಳಿಯುತ್ತದೆ, ರೊಟ್ಟಿ ಒರಟೆನಿಸುತ್ತದೆ. ಈಗ ಗಾಂಧಿನಗರದಲ್ಲಿಯೂ ಬಸವನಗುಡಿಯಲ್ಲಿಯೂ ಉತ್ತರ ಕರ್ನಾಟಕದ ಊಟವೆಂದು ಫಲಕ ಹಾಕಿ ಕರೆಯುತ್ತಾರೆ. ನಮ್ಮ ಕಡೆಯಿಂದ ಓದಲು ಬಂದ ಹುಡುಗರು, ದುಡಿಯಲು ಬಂದ ಜನ ಆ ಖಾನಾವಳಿಗಳನ್ನು ಉಳಿಸಿದರು. ಪುಸ್ತಕದ ಭಾಷೆ ಆಡಿದ ನಾವಲ್ಲ.

ಕೊನೆಯದಾಗಿ ಕೋರಮಂಗಲದ ಒಂದು ಸಣ್ಣ ಥಾಯ್ ಊಟದ ಮನೆಯ ವಿಷಯ. ಅಲ್ಲಿಗೆ ನಾನೂ ಮೊಮ್ಮಗನೂ ಇಬ್ಬರೇ ಎರಡು ಸಲ ಹೋದೆವು. ಬಡಿಸುತ್ತಿದ್ದ ತರುಣನಿಗೆ ನನ್ನ ಹೊಸ ವಿದ್ಯೆಯನ್ನು ತೋರಿಸುವ ಚಪಲದಿಂದ ‘ರೊತ್’, ‘ಆಹಾನ್’ ಎಂದೆಲ್ಲ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, ಕನ್ನಡದಲ್ಲಿಯೇ, ‘ಸರ್, ನಾನು ಥಾಯ್ ಅಲ್ಲ. ಮಣಿಪುರ’ ಎಂದ. ನನಗೆ ನಾಚಿಕೆಯಾಯಿತು. ದಿನಕ್ಕೆ ಎಷ್ಟು ಜನ ಅವನ ಮುಖ ನೋಡಿ ಹೀಗೆ ತಪ್ಪು ತಿಳಿಯುತ್ತಾರೋ! ಬೆಂಗಳೂರಿಗೆ ಬಂದು ಹದಿಮೂರು ವರ್ಷವಾಯಿತೆಂದ. ಲೆಕ್ಕ ಹಾಕಿದೆ. ‘2012ರ ಆಗಸ್ಟಿನಲ್ಲಿ ಇಲ್ಲಿ ಇದ್ದೆಯೇನಪ್ಪಾ?’ ಎಂದು ಕೇಳಿದೆ. ಸುಳ್ಳು ಸುದ್ದಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ವಿಶೇಷ ರೈಲುಗಳಲ್ಲಿ ಈ ನಗರವನ್ನು ಬಿಟ್ಟುಹೋದ ತಿಂಗಳು ಅದು. ಇದ್ದೆ ಎಂದ. ತಾನೂ ಹೋದವನೇ; ಎರಡು ತಿಂಗಳಿಗೆ ತಿರುಗಿ ಬಂದೆ, ಊರಲ್ಲಿ ಕೆಲಸವಿಲ್ಲವಲ್ಲ ಎಂದ.

‘ಊರಿನ ಊಟ ಇಲ್ಲಿ ಸಿಗುತ್ತದೆಯೇ?’ ಎಂದೆ. ಅವನ ಮುಖ ಅರಳಿತು. ಅವರಲ್ಲಿ ‘ಎರೊಂಬಾ’ ಎಂಬುದೊಂದಿದೆಯಂತೆ. ಬೇಯಿಸಿದ ಕಾಯಿಪಲ್ಯವನ್ನು ಮೆಣಸಿನಕಾಯಿ, ಕಳಿಸಿದ ಮೀನು ಹಾಕಿ ಜಜ್ಜುವುದು. ಥಾಯ್ ಊಟ ತನಗೆ ಸೇರುವುದಿಲ್ಲ, ಬಲು ಸಿಹಿ ಎಂದ. ಕೆಲಸ ಮುಗಿಸಿ ಹನ್ನೊಂದು ಗಂಟೆಗೆ ಈಜಿಪುರದ ಕೋಣೆಗೆ ಹೋಗಿ ನಾಲ್ವರು ಸೇರಿ ಅಡುಗೆ ಮಾಡುತ್ತಾರೆ. ಮೊದಮೊದಲು ಮೀನಿನ ವಾಸನೆಗೆ ನೆರೆಯವರು ತಕರಾರು ತೆಗೆದರಂತೆ. ಈಗ ಕಿಟಕಿ ಮುಚ್ಚಿ ಬೇಯಿಸುತ್ತಾರಂತೆ.

ಎರಡನೆಯ ಸಲ ಹೋಗುವಾಗ ಬನಹಟ್ಟಿಯಿಂದ ಬಂದಿದ್ದ ಶೇಂಗಾ ಹಿಂಡಿಯ ಒಂದು ಡಬ್ಬಿಯನ್ನು ಒಯ್ದು ಅವನಿಗೆ ಕೊಟ್ಟೆ. ಮುಚ್ಚಳ ತೆಗೆದು ಬೆರಳಿಗೆ ಹಚ್ಚಿ ನೆಕ್ಕಿ, ‘ಇದರಲ್ಲಿ ಮೀನು ಇದೆಯಾ?’ ಎಂದ. ಇಲ್ಲವೆಂದೆ. ‘ಹಾಕಿದರೆ ಇನ್ನೂ ಚೆನ್ನಾಗಿರುತ್ತದೆ’ ಎಂದ. ನಾನು ಏನೂ ಹೇಳಲಿಲ್ಲ. ನಮ್ಮ ಮೊಮ್ಮಗ ಮಾತ್ರ ಡಬ್ಬಿಯೊಳಕ್ಕೆ ಬಗ್ಗಿ ನೋಡಿ, ‘ಅಜ್ಜ, ನಮ್ಮ ಮನೇಲಿ ಇದು ಇನ್ನೂ ಇದೆಯಾ?’ ಎಂದು ಕೇಳಿದ.