ಮೂಲೆಗೆ ಬಿದ್ದ ಔಷಧವೂ ಅದರ ಉದ್ಧಾರವೂ

ಸರಕಾರಗಳೂ ಧರ್ಮಾರ್ಥ ಸಂಸ್ಥೆಗಳೂ ಔಷಧದ ಕಂಪನಿಗಳೂ ಕೂಡಿದರೆ ಹೊಸ ಮದ್ದು ಬೇಗನೆ ಸಿದ್ಧವಾಗಬಲ್ಲುದೆ ಎಂಬುದೇ ಇಂದಿನ ವಿಷಯವು.

ಆಫ್ರಿಕಾ ಖಂಡದಲ್ಲಿ ನಿದ್ರಾರೋಗವೆಂಬುದುಂಟು. ಟ್ಸೆಟ್ಸೆ ಎಂಬ ನೊಣ ಕಡಿದಾಗ ರೋಗಾಣುವು ರಕ್ತವನ್ನು ಹೊಕ್ಕು, ಕಡೆಗೆ ಮಿದುಳನ್ನು ಸೇರಿ, ರೋಗಿಯು ಹಗಲೆಲ್ಲ ತೂಕಡಿಸಿ ಸಾಯುವಂತೆ ಮಾಡುವದು. ಇದಕ್ಕೆ ಬಹುಕಾಲ ಕೊಡುತ್ತಿದ್ದ ಮೆಲಾರ್ಸೊಪ್ರಾಲ್ ಪಾಷಾಣದಿಂದಾದ ಮದ್ದು. ಚುಚ್ಚಿಸಿಕೊಂಡ ನೂರು ಜನರಲ್ಲಿ ಸುಮಾರು 5 ಮಂದಿ ಮದ್ದಿನಿಂದಲೇ ಮಡಿಯುತ್ತಿದ್ದರು. 2009ರ ಸುಮಾರಿಗೆ ಬಳಕೆಗೆ ಬಂದ ಸಂಯುಕ್ತ ಚಿಕಿತ್ಸೆಯು ಸೌಮ್ಯವಾದುದು. ಆದರೆ ಏಳು ದಿನ ನರದೊಳಗೆ ಮದ್ದನ್ನು ಹರಿಸಲು ಆಸ್ಪತ್ರೆ ಬೇಕು, ದಾದಿಯರು ಬೇಕು. ಕಾಂಗೋ ದೇಶದ ಕಾಡುಹಳ್ಳಿಗೆ ಇವೆಲ್ಲಿಂದ ಬರಬೇಕು?

ಜರ್ಮನಿಯ ಹೆಕ್ಸ್ಟ್ ಕಂಪನಿಯು ಫೆಕ್ಸಿನಿಡಜೋಲ್ ಎಂಬ ವಸ್ತುವನ್ನು 1970ರ ದಶಕದಲ್ಲಿಯೇ ಅರಿತು, ಮುಂದೆ ಕೈಬಿಟ್ಟಿತ್ತು. ಬಡವರ ರೋಗಗಳು ಲಾಭದ ಲೆಕ್ಕದಲ್ಲಿ ಕೊನೆಯ ಸಾಲಿನವು. ಓಲೆಗರಿಯ ಕಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಹುಳುಹಿಡಿಸುವವರನ್ನು ನಾವೂ ಕಂಡಿದ್ದೇವಷ್ಟೆ!

2003ರಲ್ಲಿ ಜಿನೀವಾ ನಗರದಲ್ಲಿ ಅಲಕ್ಷಿತ ರೋಗಗಳಿಗೆ ಔಷಧವನ್ನರಸುವ ಸಂಸ್ಥೆಯೊಂದು ಹುಟ್ಟಿತು. ಅದರ ಸ್ಥಾಪಕರಲ್ಲಿ ಫ್ರಾನ್ಸಿನ ಪಾಶ್ಚರ್ ಸಂಸ್ಥೆಯೂ ಬ್ರೆಜಿಲ್, ಕೆನ್ಯಾಗಳ ಸಂಶೋಧನಾಲಯಗಳೂ ನಮ್ಮ ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತೂ ಇದ್ದವು. ಈ ಸಂಸ್ಥೆಯು ಹಳೆಯ ವಸ್ತುಗಳನ್ನು ಶೋಧಿಸುತ್ತ ಮರೆತ ಮದ್ದನ್ನು ಹೊರದೆಗೆದು, ಹೆಕ್ಸ್ಟಿನ ಉತ್ತರಾಧಿಕಾರಿಯಾದ ಸನೋಫಿ ಕಂಪನಿಯೊಡನೆ 2009ರಲ್ಲಿ ಒಪ್ಪಂದ ಮಾಡಿಕೊಂಡಿತು. ರೋಗಿಗಳಲ್ಲಿ ಪರೀಕ್ಷಿಸುವ ಭಾರ ಸಂಸ್ಥೆಯದು. ತಯಾರಿಕೆಯೂ ಅನುಮತಿಯ ಕಾರ್ಯವೂ ಕಂಪನಿಯದು. ಹಣದ ಬಹುಭಾಗವು ಯುರೋಪಿನ ಸರಕಾರಗಳಿಂದಲೂ ದಾನಿಗಳಿಂದಲೂ ಬಂದಿತು.

ಇಂಥಲ್ಲಿ ಕಂಪನಿಯನ್ನು ಬರಿಯ ಲೋಭಿಯೆಂದು ಜರೆಯುವದು ಸಲ್ಲದು. ಪ್ರತಿಯೊಂದು ಗುಳಿಗೆಯನ್ನೂ ಒಂದೇ ಪ್ರಮಾಣದಲ್ಲಿ ತಯಾರಿಸುವ ವಿದ್ಯೆ ಅದರ ಕೈಯಲ್ಲಿದೆ. ಆದರೆ ಪ್ರಜೆಗಳ ಹಣ ಕೂಡಿದಲ್ಲಿ, ಮದ್ದು ಬಡವನಿಗೆ ಎಟಕುವ ಕರಾರನ್ನು ಮೊದಲೇ ಬರೆಯಿಸಿಕೊಳ್ಳಬೇಕು. ಸಿದ್ಧವಾದ ಬಳಿಕ ಬೇಡುವವನ ಮಾತಿಗೆ ಬೆಲೆ ಕಡಮೆ.

ಕಾಂಗೋ ಮತ್ತು ಮಧ್ಯ ಆಫ್ರಿಕಾ ಗಣರಾಜ್ಯಗಳಲ್ಲಿ 394 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ನೂರಕ್ಕೆ 91 ಮಂದಿಗೆ ಹೊಸ ಗುಳಿಗೆಯು ಫಲಕೊಟ್ಟಿತು. ಸಂಯುಕ್ತ ಚಿಕಿತ್ಸೆಯು 98 ಮಂದಿಗೆ. ಈ ಕೊರತೆಯನ್ನು ಮರೆಮಾಚಲಾಗದು. ಮಿದುಳಿನಲ್ಲಿ ರೋಗ ಬಲಿತವರಿಗೆ ಸಂಯುಕ್ತ ಚಿಕಿತ್ಸೆಯೇ ಲೇಸು. ಆದರೂ 2018ರ ನವೆಂಬರಿನಲ್ಲಿ ಯುರೋಪಿನ ಔಷಧಮಂಡಲಿಯು ಅನುಕೂಲಾಭಿಪ್ರಾಯವನ್ನಿತ್ತಿತು. ಮರುತಿಂಗಳೇ ಕಾಂಗೋ ಸರಕಾರವು ಸಮ್ಮತಿಸಿತು. ಹತ್ತು ದಿನ ಊಟದೊಡನೆ ನುಂಗುವ ಈ ಗುಳಿಗೆಯನ್ನು ಕಂಪನಿಯು ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಧರ್ಮಾರ್ಥವಾಗಿ ಒದಗಿಸುತ್ತಿದೆ. ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದು ಪರೀಕ್ಷಿಸುವ ಯಾತನೆಯೂ ಅನೇಕರಿಗೆ ತಪ್ಪಿದೆ.