ಚರ್ಚಿನ ವೆಬ್‌ಸೈಟಿನಲ್ಲಿ ನಮ್ಮ ಸಂಘಗಳ ಪುಟ
(ಹೂಲಿಯಲ್ಲಿ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಚರ್ಚಿನ ವೆಬ್‌ಸೈಟನ್ನು ಹೊಸದಾಗಿ ಮಾಡುತ್ತಿದ್ದೇವೆ, ಅದರಲ್ಲಿ ನಿಮ್ಮ ಸಂಘಗಳಿಗೂ ಒಂದು ಪುಟ ಇರುತ್ತದೆ ಎಂದು ನಾನು ಹೇಳಿದಾಗ, ಹಿಂದೆ ಕುಳಿತಿದ್ದ ಒಬ್ಬರು, "ಸಿಸ್ಟರ್, ಅದು ಕಂಪ್ಯೂಟರ್ ಕಲಿತ ಹುಡುಗರ ಕೆಲಸ. ನಮಗ್ಯಾಕ್ರಿ?" ಅಂದರು. ನಿಮ್ಮಲ್ಲಿ ಬಹಳ ಜನ ಚರ್ಚಿಗೆ ಬರುವವರೂ ಅಲ್ಲ, ಅದು ನನಗೆ ಗೊತ್ತು. ಆದರೆ ಆ ಪುಟದಲ್ಲಿ ಕಾಣುವ ಮುಖ ನಿಮ್ಮದು, ಹೆಸರು ನಿಮ್ಮದು. ಅದಕ್ಕೇ ನಿಮ್ಮನ್ನು ಕೇಳದೆ ಮಾಡಬಾರದು ಅಂತ ಬಂದೆ.

ಇದು ಹೆಂಗಸರ ಕೆಲಸ ಅಲ್ಲ ಅನ್ನಬೇಡಿರಿ. 1995ರ ಕ್ರಿಸ್ಮಸ್ ದಿನ ವ್ಯಾಟಿಕನ್ನಿನ ವೆಬ್‌ಸೈಟು ಶುರುವಾಯಿತು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರು ಅಮೆರಿಕದ ಒಬ್ಬ ಕನ್ಯಾಸ್ತ್ರೀ, ಸಿಸ್ಟರ್ ಜುಡಿತ್ ಝೋಬೆಲೈನ್. ಅಲ್ಲಿಯ ಯಂತ್ರಗಳಿಗೆ ರಫಾಯೇಲ್, ಮಿಕಾಯೇಲ್, ಗಬ್ರಿಯೇಲ್ ಎಂದು ದೇವದೂತರ ಹೆಸರು ಇಟ್ಟಿದ್ದರು! ಆ ವೆಬ್‌ಸೈಟಿನ ಹಿನ್ನೆಲೆ ಹಳೇ ಚರ್ಮದ ಹಾಳೆಯ ಬಣ್ಣದ್ದು. ಫ್ಯಾಷನ್ ಬದಲಾದರೂ ಎಷ್ಟೋ ವರ್ಷ ಅದನ್ನು ಬಿಡಲಿಲ್ಲ. ಮಿಲಾನಿನಲ್ಲಿ ತನ್ನ ಧರ್ಮಕೇಂದ್ರಕ್ಕೆ ವೆಬ್‌ಸೈಟು ಮಾಡಿಕೊಟ್ಟ ಹುಡುಗ ಕಾರ್ಲೊ ಅಕ್ಯುತಿಸ್ 2006ರಲ್ಲಿ 15ನೇ ವಯಸ್ಸಿಗೇ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು ಅವನನ್ನು ಸಂತ ಎಂದು ಘೋಷಿಸಿದರು.

ನಮ್ಮ ಹುಡುಗರು ವರ್ಡ್‌ಪ್ರೆಸ್ ಎಂಬುದರಲ್ಲಿ ಮಾಡುತ್ತಿದ್ದಾರೆ. ಇದು 2003ರಲ್ಲಿ ಬಂದದ್ದು, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಥೀಮ್ ಅಂದರೆ ಉಟ್ಟ ಸೀರೆ ಇದ್ದ ಹಾಗೆ. ಸೀರೆ ಬದಲಿಸಿದರೂ ಒಳಗಿನ ಮನುಷ್ಯಳು ಅವಳೇ. ಪ್ಲಗಿನ್ ಅಂದರೆ ಒಂದೊಂದು ಕೆಲಸಕ್ಕೆ ಮನೆಯೊಳಗೆ ಕರೆದುಕೊಂಡ ಆಳು. ಒಬ್ಬ ಫೋಟೊ ತೋರಿಸುತ್ತಾನೆ, ಒಬ್ಬ ಪತ್ರ ತಗೊಳ್ತಾನೆ, ಮತ್ತೊಬ್ಬ ಎಲ್ಲದರ ನಕಲು ತೆಗೆದಿಡುತ್ತಾನೆ.

ಸೀರೆ ಆರಿಸೋದು ನಿಮಗೆ ಹೇಳಿಕೊಡಬೇಕಿಲ್ಲ. ಅಂಗಡಿಯ ದೀಪದಲ್ಲಿ ಹೊಳೆಯುವುದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತೀರಲ್ಲ, ಥೀಮನ್ನೂ ಹಾಗೇ ನೋಡಬೇಕು. ಹುಡುಗರು ದೊಡ್ಡ ಪರದೆಯ ಮೇಲೆ ನೋಡಿ ಮೆಚ್ಚುತ್ತಾರೆ. ನೀವು ನೋಡುವುದು ಕೈಯಲ್ಲಿನ ಸಣ್ಣ ಮೊಬೈಲಿನಲ್ಲಿ, ಅದೂ ಸಿಗ್ನಲ್ ಸಿಕ್ಕಾಗ. ಮೊನ್ನೆ ಒಂದು ಥೀಮ್ ತೋರಿಸಿದರು. ದೊಡ್ಡ ದೊಡ್ಡ ಫೋಟೊ ಒಂದಾದ ಮೇಲೊಂದು ಜಾರುತ್ತಿದ್ದವು, ಚಂದ ಇತ್ತು. ನನ್ನ ಮೊಬೈಲಿನಲ್ಲಿ ಅದು ತೆರೆಯುವಷ್ಟರಲ್ಲಿ ಚಹಾ ಕುದಿಯಿತು.

ಕನ್ನಡದ ತೊಂದರೆ ಬೇರೆ. ಥೀಮ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರದ ಅಳತೆಗೆ ಹೊಲಿದವು. ಇಂಗ್ಲಿಷಿಗೆ ಒತ್ತಕ್ಷರ ಇಲ್ಲ, ಸಾಲುಗಳು ಹತ್ತಿರ ಇದ್ದರೂ ನಡೆಯುತ್ತದೆ. ನಾನು ಹುಡುಗರಿಗೆ, "ದೊಡ್ಡ ಅಕ್ಷರದಲ್ಲಿ ಸ್ತ್ರೀಶಕ್ತಿ ಅಂತ ಎರಡು ಸಾಲು ಬರೆದು ತೋರಿಸಿರಿ" ಅಂದೆ. 'ಸ್ತ್ರೀ'ಯ ಕೆಳಗಿನ ಒತ್ತುಗಳು ಅರ್ಧ ಕತ್ತರಿಸಿ ಹೋಗಿದ್ದವು. ಆ ಥೀಮ್ ಬೇಡ ಅಂದೆವು. ಇನ್ನೊಂದು ವಿಷಯ. ನಮ್ಮ ಹಳೇ ವರದಿಗಳೆಲ್ಲ ಹಳೇ ನುಡಿ ಫಾಂಟಿನಲ್ಲಿವೆ. ಅವನ್ನು ಹಾಗೇ ತಂದು ಹಾಕಿದರೆ ಓದಲಾರದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.

ಈಗ ಆಳುಗಳ ಮಾತು. ಗುರುತಿಲ್ಲದವನನ್ನು ಒಳಗೆ ಬಿಡುತ್ತೀರಾ? ವರ್ಡ್‌ಪ್ರೆಸ್ಸಿನವರ ಸ್ವಂತ ಪಟ್ಟಿಯಲ್ಲಿ ಹತ್ತಾರು ಸಾವಿರ ಪ್ಲಗಿನ್ ಇವೆ. ಪ್ರತಿಯೊಂದರ ಮುಂದೆಯೂ ಎಷ್ಟು ಕಡೆ ಬಳಕೆಯಲ್ಲಿದೆ, ಕೊನೆಯ ಸಲ ಯಾವಾಗ ಸರಿಪಡಿಸಿದರು ಎಂದು ಬರೆದಿರುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟದ ಪ್ಲಗಿನ್ ಅಂದರೆ ಚಿಲಕ ಸಡಿಲಾದ ಹಿತ್ತಲ ಬಾಗಿಲು. ದುಡ್ಡಿನ ಥೀಮನ್ನು ಕದ್ದು ಪುಕ್ಕಟೆ ಹಂಚುವವರೂ ಇದ್ದಾರೆ, ಅದರೊಳಗೆ ಕಳ್ಳನನ್ನು ಕೂರಿಸಿಯೇ ಕೊಡುವುದುಂಟು. ಚರ್ಚಿನ ಕೆಲಸಕ್ಕೆ ಕದ್ದ ಮಾಲು ಬೇಡವೇ ಬೇಡ.

ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಊರಿನ ಸಂಗತಿ ಹೇಳುತ್ತೇನೆ. ಅಲ್ಲಿಯ ವೆಬ್‌ಸೈಟಿಗೆ ಪ್ರಾರ್ಥನಾ ಕೋರಿಕೆ ಬರೆಯುವ ಪ್ಲಗಿನ್ ಹಾಕಿದೆವು. ಒಳ್ಳೇದೇ ಅನ್ನಿಸಿತ್ತು. ಬರೆದದ್ದು ನಮಗೆ ಮಾತ್ರ ಬರುತ್ತದೆ ಅಂದುಕೊಂಡಿದ್ದೆ, ನೋಡಿ ಖಾತ್ರಿ ಮಾಡಿಕೊಳ್ಳಲಿಲ್ಲ. ಅದು ಎಲ್ಲವನ್ನೂ ಹೆಸರಿನ ಸಮೇತ ಹೊರಗೆ ತೋರಿಸುತ್ತಿತ್ತು. ಒಬ್ಬ ತಾಯಿ ಗಂಡನ ಕುಡಿತದ ಬಗ್ಗೆ, ಅವನ ಕೈ ಏಳುವುದರ ಬಗ್ಗೆ ಬರೆದಿದ್ದಳು. ಗಂಡನ ತಮ್ಮ ಅದನ್ನು ಓದಿದ. ಆ ವಾರ ಆಕೆ ಸಭೆಗೆ ಬರಲಿಲ್ಲ. ನಾನೇ ಅವರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, "ಸಿಸ್ಟರ್, ನಿಮ್ಮನ್ನ ನಂಬಿ ಬರೆದಿದ್ದೆ" ಅಂದಳು. ಅಷ್ಟೇ. ಪ್ಲಗಿನ್ ತೆಗೆದುಹಾಕಲು ಐದು ನಿಮಿಷ ಸಾಕಾಯಿತು. ಆಕೆ ಸಂಘಕ್ಕೆ ಮರಳಲೇ ಇಲ್ಲ.

ಅದಕ್ಕೇ ಈ ಸಲ ಕೋರಿಕೆಯ ಪ್ಲಗಿನ್ ಹಾಕುವುದಿಲ್ಲ. ನಿಮ್ಮ ಸಾಲದ ಲೆಕ್ಕ, ಉಳಿತಾಯ, ಫೋನ್ ನಂಬರು, ಮನೆ ವಿಳಾಸ ಯಾವುದೂ ಪುಟದಲ್ಲಿ ಬರುವುದಿಲ್ಲ. ರೊಟ್ಟಿ, ಚಟ್ನಿಪುಡಿ ಬೇಕಾದವರು ಸಂಸ್ಥೆಯ ಕಚೇರಿಗೆ ಫೋನ್ ಮಾಡಲಿ. ಫೋಟೊ ಹಾಕುವುದಕ್ಕೆ ಒಬ್ಬೊಬ್ಬರ ಒಪ್ಪಿಗೆ ಬೇಕು. ಅಧ್ಯಕ್ಷರು ಎಲ್ಲರ ಪರವಾಗಿ ಸಹಿ ಮಾಡಿದರೆ ನಡೆಯದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಮಾಡಿದ ಕಾಯ್ದೆಯಲ್ಲಿ ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುವ ಹಕ್ಕೂ ಇದೆ. ಚರ್ಚಿನ ಪುಟದಲ್ಲಿ ಮುಖ ಕಂಡರೆ ಮನೆಯಲ್ಲಿ ಮಾತು ಬರುತ್ತದೆ ಎನ್ನುವವರು ಇರಬಹುದು. ಕಾರಣ ಹೇಳಬೇಕಾಗಿಯೂ ಇಲ್ಲ.

ಕೊನೆಗೆ ಕೀಲಿಕೈ. ನಿಮ್ಮೂರಿನ ಪಂಚಲಿಂಗೇಶ್ವರ ಗುಡಿ ನೋಡಿರಿ. ಊರನ್ನು ಪೂಲಿ ಎಂದು ಕರೆಯುತ್ತಿದ್ದ ಕಾಲದ ಶಾಸನಗಳಲ್ಲಿ ಯಾರು ಏನು ದತ್ತಿ ಬಿಟ್ಟರು ಎಂಬುದು ನೂರಾರು ವರ್ಷ ಉಳಿದಿದೆ. ವೆಬ್‌ಸೈಟಿನ ಹೆಸರಿಗೆ ಒಂದು ವರ್ಷ ದುಡ್ಡು ಕಟ್ಟುವುದು ಮರೆತರೆ ಎಲ್ಲಾ ಮಾಯ! ಮಾಡಿಕೊಟ್ಟ ಹುಡುಗ ಪಾಸ್‌ವರ್ಡ್ ಸಮೇತ ಬೆಂಗಳೂರಿಗೆ ನೌಕರಿಗೆ ಹೋದರೂ ಅದೇ ಗತಿ. ಬ್ಯಾಂಕಿನಿಂದ ಸಂಘದ ದುಡ್ಡು ತೆಗೆಯಲು ನೀವು ಒಬ್ಬರ ಸಹಿಗೆ ಬಿಡುವುದಿಲ್ಲವಲ್ಲ? ಪಾಸ್‌ವರ್ಡನ್ನೂ ಒಬ್ಬರ ಹತ್ತಿರ ಬಿಡಬಾರದು. ಒಂದು ಫಾದರ್ ಹತ್ತಿರ, ಒಂದು ಕಚೇರಿಯಲ್ಲಿ. ಮೂರನೆಯದು ನಿಮ್ಮ ಒಕ್ಕೂಟದಿಂದ ಆರಿಸಿದ ಒಬ್ಬಳ ಹತ್ತಿರ ಇರಲಿ ಅಂತ ನನ್ನ ಆಸೆ. ನಿಮ್ಮ ಪುಟವನ್ನು ತಿಂಗಳಿಗೊಮ್ಮೆ ತೆರೆದು ನೋಡುವವಳೂ ಅವಳೇ ಆಗಲಿ. ಎಸ್ಸೆಸ್ಸೆಲ್ಸಿ ಓದಿದ ಸೊಸೆಯಂದಿರು ನಿಮ್ಮಲ್ಲಿ ಎಷ್ಟು ಜನ ಇಲ್ಲ?

ಚಹಾ ಬರುತ್ತಿದೆ. ಹುಡುಗರು ಮೂರು ಥೀಮ್ ತಂದಿದ್ದಾರೆ, ನಿಮ್ಮ ನಿಮ್ಮ ಮೊಬೈಲಿನಲ್ಲೇ ತೆರೆದು ನೋಡಿರಿ. ಕನ್ನಡಕ ತಂದವರು ಹಾಕಿಕೊಳ್ಳಿರಿ, ತರದವರು ಹಾಗೇ ನೋಡಿ ಓದಲು ಬರುತ್ತದೋ ಇಲ್ಲವೋ ಹೇಳಿರಿ. ಫೋಟೊ ಬೇಡ ಅನ್ನುವವರು ಎಲ್ಲರ ಮುಂದೆ ಕೈ ಎತ್ತಬೇಕಾಗಿಲ್ಲ, ಹೋಗುವಾಗ ನನಗೊಬ್ಬಳಿಗೇ ಹೇಳಿ ಹೋಗ್ರಿ.