ಮಲಗಿದವರನ್ನು ಕೇಳಿದಿರಾ?



ಭದ್ರಾವತಿಯ ಈ ಕಾಗದನಗರದಲ್ಲಿ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಅಲ್ಲಿ ಬೆವರು ಸುರಿಸಿದ ಅನೇಕ ಹಿರಿಯರು ಇಂದು ನಮ್ಮೆದುರು ಕುಳಿತಿದ್ದೀರಿ. ನಿಮ್ಮಂಥ ಒಬ್ಬರ ವಿಷಯವನ್ನೇ ಹೇಳಬೇಕಾಗಿದೆ. ಅದರಲ್ಲಿ ನಮ್ಮ ತಪ್ಪೂ ಇದೆ.

ಅವರಿಗೆ ಅನ್ನನಾಳದ ಕ್ಯಾನ್ಸರ್. ರೋಗ ಬಲಿತಿತ್ತು. ಪೂರ್ಣ ಗುಣವಾಗದು, ಔಷಧದಿಂದ ಕೆಲವು ತಿಂಗಳು ಹೆಚ್ಚಬಹುದು ಎಂದು ವೈದ್ಯರು ತಿಳಿಸಿದ್ದರು. ಮಕ್ಕಳು ಮಠಕ್ಕೆ ಬಂದು, 'ಬುದ್ಧಿ, ಬೆಂಗಳೂರಿಗೆ ಕರೆದೊಯ್ಯಬೇಕೋ ಬೇಡವೋ, ತಮ್ಮ ಅಪ್ಪಣೆಯಂತೆ' ಎಂದರು. ಪೂಜೆಯ ಗಡಿಬಿಡಿಯಲ್ಲಿದ್ದ ನಾವು 'ಕರೆದೊಯ್ಯಿರಿ' ಎಂದುಬಿಟ್ಟೆವು. ತಿಂಗಳಾದ ಮೇಲೆ ನೋಡಲು ಹೋದಾಗ ಆ ಹಿರಿಯರು, 'ಎಲ್ಲರೂ ಎಲ್ಲರನ್ನೂ ಕೇಳಿದರು ಬುದ್ಧಿ, ನನ್ನೊಬ್ಬನನ್ನು ಬಿಟ್ಟು' ಎಂದರು. ನಮಗೆ ತಲೆಯೆತ್ತಲಾಗಲಿಲ್ಲ.

ಅವರಿಗೆ ಚಿಕಿತ್ಸೆಯ ಮೇಲೆ ಮುನಿಸಿರಲಿಲ್ಲ. ನೋವು ತಗ್ಗಬೇಕು, ಗಂಜಿಯಾದರೂ ಗಂಟಲಲ್ಲಿ ಇಳಿಯಬೇಕು, ಮೊಮ್ಮಗಳ ಮದುವೆಯ ದಿನ ಮನೆಯಲ್ಲಿರಬೇಕು. ಇಷ್ಟೇ ಅವರ ಬಯಕೆ.

'ಅಪ್ಪನಿಗೆ ತಿಳಿಸಿದರೆ ಎದೆ ಒಡೆದುಕೊಳ್ಳುತ್ತಾರೆ' ಎಂದು ಮಕ್ಕಳು ಪಿಸುಗುಟ್ಟುತ್ತಾರೆ. ಇದನ್ನು ಪ್ರೀತಿಯೆನ್ನುತ್ತೇವೆ, ಬಹುಮಟ್ಟಿಗೆ ಅದು ನಮ್ಮದೇ ಅಂಜಿಕೆ. ಮಲಗಿದವರು ನಮ್ಮ ಮುಖ ನೋಡಿಯೇ ಎಲ್ಲ ಅರಿತಿರುತ್ತಾರೆ. ಇಷ್ಟಲಿಂಗವನ್ನು ಅವರವರ ಅಂಗೈಯಲ್ಲಿ ಅವರವರೇ ಪೂಜಿಸಬೇಕಲ್ಲವೆ? ತಂದೆಯ ಪರವಾಗಿ ಮಗ ಪೂಜಿಸಿದರೆ ಸಲ್ಲದು. ಹಾಗಿರುವಾಗ ಆ ಲಿಂಗವನ್ನು ಧರಿಸಿದ ಅಂಗದ ಮಾತನ್ನು ಮಾತ್ರ ಬೇರೆಯವರು ಆಡಬಹುದೇ?

ಚಿಕಿತ್ಸೆ ಬೇಡವೆಂದು ನಾವು ಹೇಳುತ್ತಿಲ್ಲ. ಬೇಗ ಪತ್ತೆಯಾದರೆ ಎಷ್ಟೋ ಬಗೆಯ ಕ್ಯಾನ್ಸರ್ ಗುಣವಾಗುತ್ತದೆ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಿ ಬದುಕಿ ಬಂದವರು ನಮ್ಮ ಭಕ್ತರಲ್ಲೇ ಇದ್ದಾರೆ. ಗುಣವಾಗದ ಹಂತದಲ್ಲಿ ನೋವು ಶಮನಗೊಳಿಸಿ ನೋಡಿಕೊಳ್ಳುವ ಕರುಣಾಶ್ರಯವೂ ಅಲ್ಲಿದೆ, ಹಣ ತೆಗೆದುಕೊಳ್ಳುವುದಿಲ್ಲ. ದಾರಿಗಳನ್ನೆಲ್ಲ ರೋಗಿಯ ಮುಂದಿಡಿ, ಆರಿಸುವುದು ಅವರಿಗಿರಲಿ.

ಕಾನೂನೂ ಇದನ್ನೇ ಹೇಳುತ್ತದೆ. ತುರ್ತು ಪ್ರಸಂಗ ಬಿಟ್ಟರೆ, ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕರಿಗೆ ಸಾಕಷ್ಟು ಮಾಹಿತಿ ತಿಳಿಸಿ ಅವರದೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪಿತ್ತಿತು. ಮುಂದೆ ಮಾತನಾಡಲಾಗದ ಸ್ಥಿತಿ ಬಂದರೆ ಏನು ಮಾಡಬೇಕು, ಏನು ಬೇಡ ಎಂದು ಮೊದಲೇ ಬರೆದಿಡಲು 2018ರಲ್ಲಿ ಸಮ್ಮತಿಸಿತು. 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ರುಜು ಸಾಕು. ಜೀವಮಾನವೆಲ್ಲ ಊರಿಗೆ ಕಾಗದ ಮಾಡಿಕೊಟ್ಟವರು ನೀವು, ಒಂದು ಹಾಳೆ ನಿಮಗಾಗಿ ಬರೆದುಕೊಳ್ಳಿ.

ಆ ಹಿರಿಯರನ್ನು ಮಕ್ಕಳು ಆಮೇಲೆ ಕೇಳಿದರು. ಮದುವೆಯ ದಿನ ಅವರು ಚಪ್ಪರದಡಿ ಕುರ್ಚಿಯಲ್ಲಿ ಕುಳಿತಿದ್ದರು. ಅಕ್ಷತೆ ಹಾಕಿ, ಎರಡು ಚಮಚ ಪಾಯಸ ಸ್ವೀಕರಿಸಿದರು. ನಾವೂ ಪಕ್ಕದಲ್ಲಿದ್ದೆವು.